ಹಸು ಕುಡಿದ ನೀರು

ಮುನಿತಾಯಮ್ಮ ಬಿಲಕ್ಕೆ ಕೈ ಹಾಕುವ ಮೊದಲು ಬಿಲದ ಬಾಯಿಯ ಮಣ್ಣನ್ನು ಬೆರಳಲ್ಲಿ ಒತ್ತಿ ನೋಡುತ್ತಾಳೆ. ಮಣ್ಣು ಹಸಿಯಾಗಿ, ಸಣ್ಣ ಸಣ್ಣ ಗೋಲಿಯ ಹಾಗೆ ಬಿದ್ದಿದ್ದರೆ ಒಳಗೆ ನಳ್ಳಿ ಇದೆ ಎಂದು ಲೆಕ್ಕ. ಬಾಯಿ ನಯವಾಗಿ ಒಣಗಿದ್ದರೆ ಒಳಗಿರುವುದು ಹಾವು, ಅಲ್ಲಿಂದ ಎದ್ದು ಬರಬೇಕು. ಪುಸ್ತಕದಲ್ಲಿ ಏಡಿ ಎಂದು ಬರೆಯುತ್ತಾರೆ, ನಮ್ಮ ಕಡೆ ನಳ್ಳಿ ಅಂದರೇ ಎಲ್ಲರಿಗೂ ಗೊತ್ತು.

ಅವಳದು ನಮ್ಮ ಪಕ್ಕದ ಮನೆ. ಚನ್ನರಾಯಪಟ್ಟಣದ ಕಡೆಯಿಂದ ಮದುವೆಯಾಗಿ ಬಂದಾಗ ಅವಳಿಗೆ ನಳ್ಳಿ ಕಂಡರೆ ಕಿರುಚುವಷ್ಟು ಭಯ. ಅತ್ತೆ ನರಸಮ್ಮ ಬಿಡಲಿಲ್ಲ. ಸೊಸೆಯ ಸೊಂಟಕ್ಕೆ ಬಿಂದಿಗೆ ಕೊಟ್ಟು, ಸೀರೆ ಎತ್ತಿ ಕಟ್ಟಿಸಿ, ಕೆರೆ ಹಿಂದಿನ ಗದ್ದೆ ಬದುವಿಗೆ ಕರೆದುಕೊಂಡು ಹೋದಳು. "ಕೈ ಕೊಡು. ಕಚ್ಲಿ. ಒಂದ್ಸಲ ಕಚ್ಚಿಸ್ಕೊಂಡ್ರೆ ಭಯ ಹೋಯ್ತದೆ" ಎಂದು ಬಿಲದೊಳಗೆ ಅವಳ ಕೈ ತುರುಕಿದ್ದನ್ನು ನಾನೇ ನೋಡಿದ್ದೇನೆ. ಕಚ್ಚಿತು. ಮುನಿತಾಯಮ್ಮ ಅತ್ತಳು, ಆಮೇಲೆ ನಗಲು ಶುರು ಮಾಡಿದಳು. ಆ ವರ್ಷದಿಂದ ನಮ್ಮ ಕೇರಿಯಲ್ಲಿ ಯಾರಿಗೆ ನೆಗಡಿ ಬಂದರೂ, ಕೆಮ್ಮು ಹಿಡಿದರೂ, ಅವಳ ಮನೆ ಬಾಗಿಲಿಗೆ ಹೋಗಿ "ಒಂದೆರಡು ನಳ್ಳಿ ಇದ್ರೆ ಕೊಡೇ" ಅನ್ನುವುದು ರೂಢಿಯಾಯಿತು. ಮೆಣಸು ಜಾಸ್ತಿ ಅರೆದು ಹಾಕಿ ಮಾಡಿದ ನಳ್ಳಿ ಸಾರು ಕುಡಿದು ಬೆವತರೆ ನೆಗಡಿ ಓಡಿಹೋಗುತ್ತಿತ್ತು.

ನರಸಮ್ಮ ಕಲಿಸಿದ್ದರಲ್ಲಿ ಇನ್ನೊಂದು ವಿಷಯವಿತ್ತು. ಹಿಡಿದ ನಳ್ಳಿಯನ್ನು ಬಿಂದಿಗೆಗೆ ಹಾಕುವ ಮೊದಲು ಅಂಗಾತ ತಿರುಗಿಸಬೇಕು. ಹೊಟ್ಟೆಯ ಕೆಳಗಿನ ಮಡಿಕೆ ಎತ್ತಿ ನೋಡಬೇಕು. ಮುಂಗಾರು ಶುರುವಾದಾಗ ಹೆಣ್ಣು ನಳ್ಳಿ ಮರಿಗಳನ್ನು ಅಲ್ಲೇ ಹೊತ್ತುಕೊಂಡು ತಿರುಗುತ್ತದೆ. ಮರಿ ಇದ್ದರೆ ಬಿಟ್ಟುಬಿಡಬೇಕು, ಎಷ್ಟೇ ದೊಡ್ಡ ನಳ್ಳಿಯಾದರೂ ಸರಿ. ಮನೆಯಲ್ಲಿ ಜ್ವರದ ಮಗು ಸಾರಿಗೆ ಕಾಯುತ್ತಿದ್ದ ದಿನವೂ ಮುನಿತಾಯಮ್ಮ ಬಿಟ್ಟು ಬಂದಿದ್ದಾಳೆ.

ಇಂಥವಳೇ ನಮ್ಮ ಕೆರೆಗೆ ಆ ನೀರನ್ನು ಕರೆದಳು. ಅದನ್ನು ನೆನೆದರೆ ಇವತ್ತಿಗೂ ನನಗೆ ಹೊಟ್ಟೆ ಉರಿಯುತ್ತದೆ. ಅವಳ ಮೇಲಲ್ಲ, ಯಾರ ಮೇಲೆ ಎಂದು ಗೊತ್ತಾಗದೆ ಉರಿಯುತ್ತದೆ.

ಕರೋನ ಮುಗಿದ ಮೇಲೆ ಸೋಂಪುರದ ಆಚೆ, ನಮ್ಮೂರಿನ ಮೇಲಿನ ದಿಬ್ಬದಲ್ಲಿ ಆಲೂಗಡ್ಡೆ ಚಿಪ್ಸ್ ಮಾಡುವ ಫ್ಯಾಕ್ಟರಿ ಬಂತು. ಹೆಸರು ಬೇಡ. ನಮ್ಮ ಹೆಣ್ಣುಮಕ್ಕಳಲ್ಲಿ ಕೆಲವರಿಗೆ ಕೆಲಸ ಸಿಕ್ಕಿತು. ಮುನಿತಾಯಮ್ಮನ ಸೊಸೆ ಪ್ರಮೋದಾಗೂ ಸಿಕ್ಕಿತು. ತಲೆಗೆ ನೀಲಿ ಟೋಪಿ ಹಾಕಿಕೊಂಡು, ಕೊಳೆತ ಆಲೂಗಡ್ಡೆ ಆರಿಸಿ ತೆಗೆಯುವ, ಸಿಪ್ಪೆ ಹೊತ್ತು ಸುರಿಯುವ ಕೆಲಸ. ಫ್ಯಾಕ್ಟರಿಯ ಹಿಂದಿನಿಂದ ಬೆಳ್ಳಗಿನ ನೀರು ಹೊರಬಂದು ರಸ್ತೆ ಪಕ್ಕದ ಚರಂಡಿಯಲ್ಲಿ ಹರಿದು ಎತ್ತಲೋ ಹೋಗುತ್ತಿತ್ತು. ಆಗ ಕೆರೆ ತುಂಬದೆ ಬಹಳ ವರ್ಷವಾಗಿತ್ತು. ಕೆರೆ ಕೆಳಗೆ ಜಮೀನಿರುವ ಅಪ್ಪಯ್ಯಣ್ಣ, ಸೀಮೆಹಸು ಕಟ್ಟಿ ಡೈರಿಗೆ ಹಾಲು ಹಾಕುವವನು, ಗ್ರಾಮಸಭೆಯಲ್ಲಿ ಎದ್ದು ನಿಂತ.

"ಸುಮ್ನೆ ಹರಿದು ಹೋಗ್ತಾ ಐತೆ. ಒಂದು ಕಾಲುವೆ ತೋಡಿ ಕೆರೆಗೆ ತಿರುಗಿಸ್ಕೊಳಾಣ."

ಜನ ಹಿಂದೆ ಮುಂದೆ ನೋಡಿದರು. ಫ್ಯಾಕ್ಟರಿ ನೀರೆಂದರೆ ನಮ್ಮ ಕಡೆ ಹೆದರಿಕೆ ಇದ್ದೇ ಇದೆ. ಬೇರೆ ಊರುಗಳಲ್ಲಿ ಬಣ್ಣಬಣ್ಣದ ನೀರು ಹರಿಯುವುದನ್ನು ಕಂಡವರಿದ್ದರು. ಮುನಿತಾಯಮ್ಮ ಎದ್ದು ಹೋದಳು. ಚರಂಡಿಯಿಂದ ಒಂದು ಕೊಡ ನೀರು ತಂದಳು. ಮೂಸಿದಳು. ಅಕ್ಕಿ ತೊಳೆದ ವಾಸನೆ. ಅಂಗೈಗೆ ಹಾಕಿ ಉಜ್ಜಿದಳು. ಗಂಜಿಯ ನಯ.

ನಮ್ಮೂರಲ್ಲಿ ನೀರಿನ ಮೇಲೆ ಅನುಮಾನ ಬಂದರೆ ಹಸುವಿನ ಮುಂದಿಟ್ಟು ನೋಡುವುದು ಹಿಂದಿನಿಂದ ಬಂದ ಪದ್ಧತಿ. ಹಸು ಮೂತಿ ತಿರುಗಿಸಿದರೆ ಆ ನೀರು ಬೇಡ. ಕುಡಿದರೆ ಒಳ್ಳೆಯದು. ಮನೆಯಲ್ಲಿ ಅಕ್ಕಿ ತೊಳೆದ ನೀರು, ಉಳಿದ ಗಂಜಿ, ತರಕಾರಿ ಸಿಪ್ಪೆ ಎಲ್ಲವನ್ನೂ ಕಲಗಚ್ಚಿನ ಬಾನಿಗೆ ಸುರಿದು ಹಸುವಿಗೆ ಇಡುತ್ತೇವಲ್ಲ, ಅದೇ ಕಲ್ಲಿನ ಬಾನಿಗೆ ಮುನಿತಾಯಮ್ಮ ಈ ನೀರನ್ನೂ ಸುರಿದಳು. ಅವಳ ಹಸು ಕೆಂದಿ ಬಾನಿಯಿಂದ ಮುಖ ಎತ್ತಲಿಲ್ಲ. ತಳ ನೆಕ್ಕಿತು.

ಮುನಿತಾಯಮ್ಮ ಸಭೆಗೆ ವಾಪಸ್ ಬಂದು ಹೇಳಿದಳು. "ವಿಷ ಅಲ್ಲ ಕಣ್ರಪ್ಪ, ಕಲಗಚ್ಚು. ಹಸುನೇ ಕುಡೀತು. ಮೀನು ನಳ್ಳಿಗೆ ಹಬ್ಬ."

ಎಲ್ಲರೂ ನಕ್ಕರು. ಯಾರೋ ಚಪ್ಪಾಳೆ ತಟ್ಟಿದರು. ಊರವರೇ ಸೇರಿ ಗುದ್ದಲಿ ಹಿಡಿದು ಕಾಲುವೆ ತೋಡಿದರು.

ಮೊದಮೊದಲು ಹಬ್ಬವೇ ಆಯಿತು. ಕೆರೆಯಲ್ಲಿ ನೀರು ನಿಂತಿತು. ಜಿಲೇಬಿ ಮೀನು ಕೊಬ್ಬಿದವು. ತೂಬಿನ ಕಲ್ಲಿಗೆ ಬಸವನಹುಳು ಗೊಂಚಲು ಗೊಂಚಲಾಗಿ ಕಚ್ಚಿಕೊಂಡವು. ಅಪ್ಪಯ್ಯಣ್ಣನ ಸೀಮೆಹುಲ್ಲು ಆಳೆತ್ತರ ಬೆಳೆಯಿತು. ದಾರಿಯಲ್ಲಿ ಮುನಿತಾಯಮ್ಮ ಸಿಕ್ಕರೆ ಅವನು "ಏನಮ್ಮಿ, ನಿನ್ನ ಕಲಗಚ್ಚು ಚೆನ್ನಾಗೈತೆ" ಅನ್ನುತ್ತಿದ್ದ. ಅವಳು ಸೆರಗು ಸರಿಮಾಡಿಕೊಂಡು ನಗುತ್ತಿದ್ದಳು.

ಆಮೇಲೆ ಕಾಲುವೆಯ ಕಲ್ಲುಗಳ ಮೇಲೆ ನೆನೆದ ಹತ್ತಿಯಂಥ ಬೂದು ಎಳೆ ಬೆಳೆಯಿತು. ನೀರಿಗೆ ಹುಳಿ ವಾಸನೆ ಬಂತು, ಬಿಸಿಲೇರಿದರೆ ಮೊಟ್ಟೆ ಕೊಳೆತಂಥ ವಾಸನೆ. ಕೆರೆ ಅಂಚಿನ ಕೆಸರು ಕಪ್ಪಗಾಗಿ, ಕಾಲಿಟ್ಟರೆ ಗುಳುಗುಳು ಗುಳ್ಳೆ ಏಳುತ್ತಿತ್ತು. ತೂಬಿನ ಕಲ್ಲಿನ ಬಸವನಹುಳುಗಳು ಉದುರಿ, ಬರೀ ಚಿಪ್ಪು ದಡಕ್ಕೆ ಬಂದು ಬಿದ್ದವು. ಕಪ್ಪೆ ಕೂಗುವುದು ಯಾವಾಗ ನಿಂತಿತೋ ಯಾರಿಗೂ ಗೊತ್ತಾಗಲಿಲ್ಲ. ನಿಂತಿದೆ ಎಂಬುದು ಮಾತ್ರ ಒಂದು ದಿನ ಗೊತ್ತಾಯಿತು. ಬೆಳಗಿನ ಹೊತ್ತು ಮೀನುಗಳು ನೀರಿನ ಮೇಲಕ್ಕೆ ಬಂದು ಬಾಯಿ ತೆರೆದು ಮುಚ್ಚುತ್ತಿದ್ದವು. ಜನ ಅದನ್ನು ನೋಡಿ ಖುಷಿಪಟ್ಟು ಬುಟ್ಟಿ ತಂದರು. ಮುನಿತಾಯಮ್ಮ ಮಾತ್ರ ಏರಿಯ ಮೇಲೆ ನಿಂತು, "ಅಕ್ಕಾ, ಇವು ಯಾಕೆ ಹಿಂಗೆ ಬಾಯಿ ಬಿಡ್ತಾವೆ? ಬೆಳಿಗ್ಗೆ ಬೆಳಿಗ್ಗೆ ಊಟ ಕೇಳ್ತಾವಾ?" ಎಂದು ನನ್ನನ್ನು ಕೇಳಿದಳು. ನನಗೇನು ಗೊತ್ತು?

ಹೋದ ವರ್ಷ ಮುಂಗಾರಿನ ಮೊದಲ ದೊಡ್ಡ ಮಳೆ ಬಿತ್ತು. ಬೇಸಿಗೆಯೆಲ್ಲ ಕಾಲುವೆಯಲ್ಲಿ ಹೆಪ್ಪುಗಟ್ಟಿದ್ದ ಗಸಿಯನ್ನು ಅದು ಒಂದೇ ಏಟಿಗೆ ಕೆರೆಗೆ ತಳ್ಳಿತು. ಮಾರನೆಯ ಬೆಳಿಗ್ಗೆ, ಹೊಸ ನೀರು ಬಂದಿರುತ್ತದೆಂದು ನಾವು ಬಟ್ಟೆ ಒಗೆಯಲು ಹೋದಾಗ ಕೆರೆ ಏರಿ ಕಂದು ಬಣ್ಣಕ್ಕೆ ತಿರುಗಿ ಅಲುಗಾಡುತ್ತಿತ್ತು. ಅಷ್ಟೂ ನಳ್ಳಿ. ಹಗಲಲ್ಲಿ ಬಿಲ ಬಿಟ್ಟು ಹೊರಬರದ ಪ್ರಾಣಿಗಳು, ಬಿಸಿಲಿಗೆ ಬೆನ್ನೊಡ್ಡಿ, ಕಲ್ಲು ಹತ್ತಿ, ಒಂದರ ಮೇಲೊಂದು ಬಿದ್ದು ನೀರಿನಿಂದ ದೂರ ಹೋಗುತ್ತಿದ್ದವು.

ಸುದ್ದಿ ಹಬ್ಬುವುದಕ್ಕೆ ಎಷ್ಟು ಹೊತ್ತು ಬೇಕು? ಮಂಕರಿ, ಬಕೆಟ್ಟು, ಗೋಣಿಚೀಲ ಹಿಡಿದು ಊರಿಗೆ ಊರೇ ಬಂತು. ನಾವು ಕಂಡ ಸುಗ್ಗಿಯೇ ಬೇರೆ, ಇದೇ ಬೇರೆ. ಮುನಿತಾಯಮ್ಮ ಒಂದನ್ನು ಹಿಡಿದು ಅಂಗಾತ ಮಾಡಿದಳು. ಮಡಿಕೆಯೊಳಗೆ ಮರಿಗಳು. ಇನ್ನೊಂದನ್ನು ಹಿಡಿದಳು, ಅದರಲ್ಲೂ ಮರಿ.

"ಹಿಡೀಬ್ಯಾಡ್ರೋ! ಮರಿ ಹೊತ್ತಾವೆ! ತಿರುಗಿಸಿ ನೋಡ್ರೋ!"

"ನೀನು ಹಿಡಿದಿದ್ದು ಸಾಕಾಯ್ತೇನಮ್ಮ? ನಮಗೂ ಒಂದಿನ ಸಿಗ್ಲಿ ಬಿಡು" ಎಂದ ಕಾಂತರಾಜು, ನಮ್ಮ ಬೀದಿಯ ಕೊನೆಯ ಮನೆಯವನು. ಅವನ ಚೀಲ ಆಗಲೇ ತುಂಬಿತ್ತು.

"ಲೇ ಕಾಂತರಾಜು, ನಿಮ್ಮವ್ವ ಇದ್ದಿದ್ರೆ ನಿನ್ನ ಬೆನ್ನಿಗೆ ಬಾರಿಸಿರೋಳು. ಇವತ್ತು ತಿಂದ್ರೆ ಮುಂದಿನ ವರ್ಷ ಏನ್ ತಿಂತೀಯ?"

"ಚಿಪ್ಸ್ ತಿಂತೀನಿ ಬಿಡಮ್ಮಾ!"

ಜನ ಗೊಳ್ಳೆಂದು ನಕ್ಕರು. ಅವಳು ಬೈದಳು, ಕೈ ಮುಗಿದಳು, ಯಾರೂ ಕೇಳಲಿಲ್ಲ. ಅವಳ ಬಿಂದಿಗೆಗೆ, ನನ್ನ ಬಿಂದಿಗೆಗೆ, ಒಗೆಯಲು ತಂದಿದ್ದ ಬಕೆಟ್ಟಿಗೆ ಮರಿ ಹೊತ್ತ ನಳ್ಳಿಗಳನ್ನು ತುಂಬಿಸಿ ಮನೆಗೆ ತಂದೆವು. ಎಲ್ಲಿಡುವುದು? ಕಲಗಚ್ಚಿನ ಬಾನಿಯನ್ನು ಉಜ್ಜಿ ತೊಳೆದು, ತಳಕ್ಕೆ ಒಳ್ಳೆಯ ಮಣ್ಣು, ಹೆಂಚಿನ ಚೂರು ಹಾಕಿ, ಬೋರಿನ ನೀರು ಸ್ವಲ್ಪ ಬಿಟ್ಟು ಅದರೊಳಗೆ ಹಾಕಿದಳು. ಕೆಂದಿಗೆ ಅವತ್ತಿನಿಂದ ಕಲಗಚ್ಚು ಪ್ಲಾಸ್ಟಿಕ್ ಬಕೆಟ್ಟಿನಲ್ಲಿ. ಅದು ಬಕೆಟ್ಟನ್ನು ಒದ್ದು ಉರುಳಿಸುತ್ತಿತ್ತು.

"ಕಾಲುವೆ ಮುಚ್ಚಿಸಿ, ನೀರು ಸರಿಹೋದ ಮೇಲೆ ಇವನ್ನ ವಾಪಸ್ ಕೆರೆಗೆ ಬಿಡ್ತೀನಿ" ಎಂದಳು. "ನಾನು ಕರೆದಿದ್ದು. ನಾನೇ ಕಳಿಸ್ಬೇಕು."

ಮೊದಲು ಫ್ಯಾಕ್ಟರಿ ಗೇಟಿಗೆ ಹೋದೆವು. ಬಿಸಿಲಲ್ಲಿ ಬಹಳ ಹೊತ್ತು ನಿಲ್ಲಿಸಿದ ಮೇಲೆ ಇಸ್ತ್ರಿ ಅಂಗಿಯ ಒಬ್ಬ ಹುಡುಗ ಬಂದ. ಮರ್ಯಾದೆಯಾಗಿಯೇ ಮಾತಾಡಿದ. "ಅಮ್ಮಾ, ಇದು ಕೆಮಿಕಲ್ ಫ್ಯಾಕ್ಟರಿ ಅಲ್ಲ. ಆಲೂಗಡ್ಡೆ ತೊಳೆದ ನೀರು. ನೀವೇ ಹಸುಗೆ ಕುಡಿಸಿ ನೋಡಿದ್ರಂತಲ್ಲ?"

ಮುನಿತಾಯಮ್ಮ ಬಾಯಿ ತೆರೆದಳು, ಮುಚ್ಚಿದಳು. ಬೆಳಿಗ್ಗೆ ಕೆರೆಯಲ್ಲಿ ಮೀನುಗಳು ಮಾಡುತ್ತಿದ್ದ ಹಾಗೆ.

ಪಂಚಾಯ್ತಿ ಮೆಂಬರ್ ಬೈರೇಶ್ ಹತ್ತಿರ ಹೋದರೆ ಅವನದೂ ಅದೇ. "ಅಮ್ಮಾ, ಸಭೇಲಿ ನೀವೇ ಹೇಳಿದ್ದು. ಎಲ್ಲಾರೂ ಕೇಳಿಸ್ಕೊಂಡವ್ರೆ. ಈಗ ನಾನು ಯಾವ ಮುಖ ಇಟ್ಕೊಂಡು ಬ್ಯಾಡ ಅನ್ನಲಿ?" ಆದರೂ ಅವನು ಕೆಟ್ಟವನಲ್ಲ. ಫೋನ್ ಮಾಡಿ, ನೀರು ಪರೀಕ್ಷೆ ಮಾಡುವವರನ್ನು ಕರೆಸುತ್ತೇನೆ ಎಂದ.

ಅವರು ಬರುವವರೆಗೆ ಕಾಯಲಾರದೆ ಅವಳು ಗುದ್ದಲಿ ಹಿಡಿದು ಹೋಗಿ ಕಾಲುವೆ ಬಾಯಿಗೆ ಮಣ್ಣು ಹಾಕಿದಳು. ಮಾರನೆಯ ದಿನ ಹೋಗಿ ನೋಡಿದರೆ ಅಪ್ಪಯ್ಯಣ್ಣ ಅದನ್ನು ಕಿತ್ತಿದ್ದ.

"ನನ್ನ ಹಸುಗಳ ಬಾಯಿಗೆ ಮಣ್ಣು ಹಾಕ್ತೀಯಾ ಮುನಿತಾಯಿ? ಈ ಹುಲ್ಲಿಲ್ದೆ ಹಾಲು ಎಲ್ಲಿಂದ ಕರೀಲಿ?"

"ಅಣ್ಣಾ, ಕೆರೆ ಸಾಯ್ತಾ ಐತೆ."

"ಕೆರೆ ತುಂಬೈತೆ ಕಣಮ್ಮಿ! ಕಣ್ಣು ಬಿಟ್ಟು ನೋಡು. ಒಣಗಿದಾಗ ಯಾವ ನಳ್ಳಿ ಇತ್ತು? ಆಗ ಸುಮ್ನಿದ್ಯಲ್ಲ?"

ಅವಳು ಮತ್ತೆ ಮುಚ್ಚಿದಳು. ಅವನು ಮತ್ತೆ ಕಿತ್ತ.

ಆ ವಾರ ಒಂದು ಸಂಜೆ ಪ್ರಮೋದಾ ಕೆಲಸ ಮುಗಿಸಿ ಬಂದವಳು ಬಾನಿಯ ಪಕ್ಕ ಕುಕ್ಕರಗಾಲಲ್ಲಿ ಕೂತಳು. ನಾನೂ ಅಲ್ಲೇ ಇದ್ದೆ, ಹುಣಸೆಹಣ್ಣು ಬಿಡಿಸುತ್ತಿದ್ದೆ.

"ಅತ್ತೆ, ಒಂದು ಮಾತು. ನಾನು ಹೇಳಿದ್ದು ಅಂತ ಯಾರಿಗೂ ಗೊತ್ತಾಗ್ಬಾರ್ದು."

"ಹೇಳವ್ವ."

"ಅಲ್ಲಿ ನೀರು ತೊಳೆಯೋಕೆ ಅಂತಾನೇ ದೊಡ್ಡ ತೊಟ್ಟಿ ಐತೆ. ಗಾಳಿ ಊದೋ ಮೋಟ್ರೈತೆ. ಅದನ್ನ ಓಡ್ಸಿದ್ರೆ ನೀರು ತಿಳಿಯಾಗಿ ಬರ್ತದೆ. ಓಡ್ಸಲ್ಲ. ಕರೆಂಟು ಜಾಸ್ತಿ ಎಳೀತದಂತೆ. ಯಾರಾದ್ರೂ ನೋಡೋಕೆ ಬರ್ತಾರೆ ಅಂದ್ರೆ ಹಿಂದಿನ ದಿನವೇ ಓಡ್ಸಿ, ಕೊಳೆ ನೀರು ಒಳಗೇ ಹಿಡಿದಿಟ್ಟು, ತಿಳಿ ನೀರು ಮಾತ್ರ ಹೊರಗೆ ಬಿಡ್ತಾರೆ."

ಮುನಿತಾಯಮ್ಮ ಎದ್ದು ನಿಂತೇ ಬಿಟ್ಟಳು. "ಮತ್ತೆ ಪರೀಕ್ಷೆ ಮಾಡೋರಿಗೆ ಇದನ್ನೇ ಹೇಳಿದ್ರೆ ಆಯ್ತಲ್ಲ!"

"ತೊಟ್ಟಿ ಹತ್ರ ಹೋಗೋದು ನಾವು ಸಿಪ್ಪೆ ಸುರಿಯೋ ನಾಕು ಜನ ಅತ್ತೆ. ಯಾರು ಬಾಯಿಬಿಟ್ರು ಅಂತ ಅವ್ರಿಗೆ ಗೊತ್ತಾಗಲ್ವಾ? ನಮ್ ಜೊತೆ ಕೆಲ್ಸಕ್ಕೆ ಬರ್ತಿದ್ದ ಪಿಳ್ಳಮ್ಮನ ಮಗಳನ್ನ ಸುಮ್ನೆ ಎದುರು ಮಾತಾಡಿದ್ಲು ಅಂತ ತೆಗೆದು ಹಾಕಿದ್ರು."

ಮುನಿತಾಯಮ್ಮನ ಮಗ ಮುನೀಂದ್ರ ಲಾರಿ ಹತ್ತಿದರೆ ಯಾವಾಗ ಬರುತ್ತಾನೋ ಹೇಳಲಾಗುವುದಿಲ್ಲ. ಮೊಮ್ಮಗಳು ಸಿಂಚನಳ ಶಾಲೆ ನಡೆಯುವುದು ಪ್ರಮೋದಾಳ ಕೆಲಸದಿಂದ. ಮುನಿತಾಯಮ್ಮ ನಿಂತವಳು ಮೆಲ್ಲಗೆ ಕೂತಳು.

ಪರೀಕ್ಷೆ ಮಾಡುವವರು ಬಂದರು. ಬಂದವನ ಹೆಸರು ವೇಣುಗೋಪಾಲ್, ನಡುವಯಸ್ಸಿನ ಮನುಷ್ಯ, ತಲೆಗೆ ಟವೆಲ್ ಕಟ್ಟಿಕೊಂಡು ಬಿಸಿಲಲ್ಲಿ ಕಾಲುವೆಯುದ್ದಕ್ಕೂ ನಡೆದ. ಆದರೆ ಅವತ್ತು ಕಾಲುವೆಯಲ್ಲಿ ಬಂದ ನೀರು! ತಿಳಿ ನೀರು. ತಳದ ಕಲ್ಲು ಕಾಣುತ್ತಿತ್ತು. ಬೂದು ಎಳೆಗಳನ್ನೂ ಯಾರೋ ಕೆರೆದು ತೆಗೆದಿದ್ದರು. ಅವನು ಬಾಟಲಿಯಲ್ಲಿ ಹಿಡಿದು ಬಿಸಿಲಿಗೆ ಎತ್ತಿ ನೋಡಿದ.

ನೀರಡಿಕೆ ಎಂದು ಮುನಿತಾಯಮ್ಮನ ಮನೆಗೆ ಬಂದಾಗ ಬಾನಿ ಕಂಡಿತು. ಇಷ್ಟು ಹೊತ್ತಿಗೆ ಮರಿಗಳು ತಾಯಿಯ ಹೊಟ್ಟೆಯಿಂದ ಇಳಿದು, ರಾಗಿ ಕಾಳಿಗಿಂತ ತುಸು ದೊಡ್ಡವು, ಹೆಂಚಿನ ಚೂರುಗಳ ಸಂದಿಯಲ್ಲಿ ಓಡಾಡುತ್ತಿದ್ದವು.

"ದಿನಾ ನೀರು ಬದಲಾಯಿಸ್ತೀರೇನಮ್ಮ?"

"ಇಲ್ದಿದ್ರೆ ಹುಳಿ ವಾಸ್ನೆ ಬಂದು, ಎಲ್ಲಾ ಮೇಲಕ್ಕೆ ಹತ್ತುತಾವೆ ಸ್ವಾಮಿ. ಒಂದಿನ ಅನ್ನ ಜಾಸ್ತಿ ಹಾಕಿ ಮರೆತಿದ್ದೆ, ಬೆಳಿಗ್ಗೆ ಅಂಚಿಗೆ ಬಂದು ಕೂತಿದ್ವು."

"ಕೆರೇಲಿ ಆಗಿರೋದೂ ಅದೇ. ಗಂಜಿ ವಿಷವಲ್ಲ. ಆದರೆ ಅದು ಕೊಳೆಯುವಾಗ ನೀರಲ್ಲಿರೋ ಗಾಳಿಯನ್ನೆಲ್ಲ ಎಳ್ಕೊಂಡ್ಬಿಡುತ್ತೆ. ಮೀನಿಗೆ, ನಳ್ಳಿಗೆ ಉಸಿರಿಗಿಲ್ಲ. ಹಸುವಿಗೆ ಕುಡಿಯೋಕೆ ಅದು ನೀರು. ಇವಕ್ಕೆ ಅದೇ ಮನೆ."

ಮುನಿತಾಯಮ್ಮ ಅವನ ಮುಖವನ್ನೇ ನೋಡುತ್ತಿದ್ದಳು. ಇಷ್ಟು ದಿನ ಯಾರೂ ಅವಳಿಗೆ ಹೀಗೆ ಬಿಡಿಸಿ ಹೇಳಿರಲಿಲ್ಲ. "ಹಂಗಾದ್ರೆ ಮುಚ್ಚಿಸ್ರಿ ಸ್ವಾಮಿ."

"ನಾನು ಬರೆಯೋದು ಇವತ್ತು ಬಾಟ್ಲಿಯಲ್ಲಿ ಇರೋದನ್ನಮ್ಮ. ಕೆರೆ ಕೆಟ್ಟಿದ್ದು ಫ್ಯಾಕ್ಟರಿಯಿಂದಲೇ ಅಂತ ಬರೀಬೇಕಾದ್ರೆ ಕಾಲುವೇಲಿ ಕೆಟ್ಟ ನೀರು ಸಿಗ್ಬೇಕು. ಇವತ್ತಿನ ಕಾಲುವೆ ನೀರು ಚೆನ್ನಾಗಿದೆ. ದಿನಾ ಹೀಗಿರಲ್ಲ ಅಂತ ನನಗೂ ಅನ್ನಿಸ್ತಿದೆ. ಹೇಗೆ ಅಂತ ಹೇಳೋರು ಯಾರಾದ್ರೂ ಇದ್ದಾರಾ? ಒಳಗಿನೋರು?"

ಬೈರೇಶ್ ಪಕ್ಕದಲ್ಲೇ ನಿಂತಿದ್ದ. ಫ್ಯಾಕ್ಟರಿಯ ಇಸ್ತ್ರಿ ಅಂಗಿಯ ಹುಡುಗ ಬಾಗಿಲಲ್ಲಿ ನಿಂತು ಮೊಬೈಲ್ ನೋಡುತ್ತಿದ್ದ. ಗೋಡೆಯ ಮೊಳೆಗೆ ಪ್ರಮೋದಾ ಒಗೆದು ಹಾಕಿದ್ದ ಇನ್ನೊಂದು ನೀಲಿ ಟೋಪಿ ನೇತಾಡುತ್ತಿತ್ತು. ಮುನಿತಾಯಮ್ಮ ಅದನ್ನು ನೋಡಿದಳು. ನಾನು ಅವಳನ್ನು ನೋಡಿದೆ.

"ನನಗೇನ್ ಗೊತ್ತು ಸ್ವಾಮಿ" ಎಂದಳು. "ನಾನು ನಳ್ಳಿ ಹಿಡಿಯೋಳು."

ಅವನು ಲೋಟ ಕೆಳಗಿಟ್ಟು ಹೊರಟ. ಮತ್ತೊಮ್ಮೆ ಹೇಳದೆ ಕೇಳದೆ ಬರಲು ನೋಡುತ್ತೇನೆ ಎಂದ. ಇನ್ನೂ ಬಂದಿಲ್ಲ. ನೀರು ಸರಿಯಾಗಿದೆ ಎಂದು ಪಂಚಾಯ್ತಿಗೆ ತಿಳಿಸಿದರಂತೆ. ಅಪ್ಪಯ್ಯಣ್ಣ ಅದನ್ನು ಟೀ ಅಂಗಡಿಯಲ್ಲಿ ಜೋರಾಗಿ ಹೇಳಿದ.

ಅವತ್ತು ಸಂಜೆ ಪ್ರಮೋದಾ ಒಳಗೆ ಬಂದವಳೇ ಕೇಳಿದಳು. "ಹೇಳಿದ್ರಾ ಅತ್ತೆ?"

"ಇಲ್ಲ ಬಿಡು."

ಪ್ರಮೋದಾ ಟೋಪಿ ತೆಗೆದು ಕೈಯಲ್ಲಿ ಮುದುಡಿ ಹಿಡಿದುಕೊಂಡಳು. ಬಾನಿಯಲ್ಲಿ ಒಂದೆರಡು ದೊಡ್ಡ ನಳ್ಳಿಗಳು ಆಗಲೇ ಸತ್ತು ತೇಲಿದ್ದವು. ಬಾನಿ ಕೆರೆಯಾಗುವುದಿಲ್ಲವಲ್ಲ.

ಭಾನುವಾರ ಪ್ರಮೋದಾಗೆ ರಜ. ಬೆಳಿಗ್ಗೆ ಎದ್ದವಳೇ ಅವಳೇ ಬಿಂದಿಗೆ ತಂದಳು. "ಮೇಲಿನ ಕಟ್ಟೆಗೆ ಬಿಡಾಣ ನಡೀರಿ ಅತ್ತೆ" ಎಂದಳು. ಊರಿನ ಮೇಲೆ, ಫ್ಯಾಕ್ಟರಿ ದಿಬ್ಬದ ಆಚೆ ಮಗ್ಗುಲಿಗೆ, ಒಂದು ಹಳೆಯ ಕಟ್ಟೆ ಇದೆ. ದನ ನೀರು ಕುಡಿಯಲೆಂದು ಯಾವ ಕಾಲದಲ್ಲೋ ಕಟ್ಟಿದ್ದು. ಮಳೆ ನೀರು ಬಿಟ್ಟರೆ ಬೇರೆ ನೀರು ಅದಕ್ಕೆ ಬರುವುದಿಲ್ಲ. ಬೇಸಿಗೆಯಲ್ಲಿ ಅಂಗೈಯಷ್ಟಾಗುತ್ತದೆ. ಅತ್ತೆ ಸೊಸೆ ಇಬ್ಬರೂ ಬಿಂದಿಗೆ ಹೊತ್ತು ನಡೆದರು, ನಾನು ಮರಿಗಳ ಪಾತ್ರೆ ಹಿಡಿದುಕೊಂಡು ಹಿಂದೆ. ದಡದಲ್ಲಿ ಬಗ್ಗಿಸಿದಾಗ ದೊಡ್ಡವು ಅಡ್ಡಡ್ಡ ನಡೆದು ನೀರಿಗಿಳಿದವು. ಮರಿಗಳು ಕೆಸರಿನಲ್ಲಿ ಎಲ್ಲಿ ಹೋದವೋ ಕಾಣಲಿಲ್ಲ.

"ಬದುಕ್ತಾವಾ ಅತ್ತೆ?"

"ಬದುಕಿದ್ರೆ ಬಿಲ ತೋಡ್ತಾವೆ. ನೋಡಾಣ."

ಆಮೇಲೆ ತಿಂಗಳುಗಟ್ಟಲೆ ಅವಳು ಕಟ್ಟೆಗೆ ಹೋಗಿ ದಡ ನೋಡಿ ಬರುತ್ತಿದ್ದಳು. ಕೇಳಿದರೆ ತಲೆ ಆಡಿಸುತ್ತಿದ್ದಳು, ಇಲ್ಲ ಎಂದು. ಕೆರೆಯಲ್ಲಿ ನಳ್ಳಿಯ ಹೊಸ ಬಿಲ ಒಂದೂ ಕಾಣದೆ ಆ ಮಳೆಗಾಲ ಕಳೆಯಿತು. ಹಳೆಯ ಬಿಲಗಳ ಬಾಯಿ ಒಣಗಿ ಕುಸಿದವು.

ಈ ಸಲ ಮಳೆ ಶುರುವಾದಾಗ ಸಿಂಚನಳಿಗೆ ಕೆಮ್ಮು ಹಿಡಿಯಿತು. ಡಾಕ್ಟರು ಕೊಟ್ಟ ಔಷಧಿ ಮುಗಿದರೂ ಕೆಮ್ಮು ಬಿಡಲಿಲ್ಲ. "ಅಜ್ಜೀ, ನಳ್ಳಿ ಸಾರು ಮಾಡ್ಕೊಡು" ಎಂದು ಮಗು ಹಟ ಮಾಡಿತು. ಮುನಿತಾಯಮ್ಮ ಬಿಂದಿಗೆ ಎತ್ತಿಕೊಂಡಳು. ನಾನೂ ಜೊತೆಗೆ ಹೊರಟೆ.

ಕಟ್ಟೆಯ ದಡದಲ್ಲಿ, ಬಾಗೆ ಮರದ ಬೇರಿನ ಕೆಳಗೆ, ಒಂದು ಬಿಲ ಇತ್ತು. ಬಾಯಲ್ಲಿ ಹಸಿ ಮಣ್ಣು, ಗೋಲಿ ಗೋಲಿಯಾಗಿ. ಅವಳು ಬೆರಳಿಂದ ಒತ್ತಿದಳು, ನನ್ನ ಮುಖ ನೋಡಿದಳು. ಮಂಡಿಯೂರಿ ಕೂತು ತೋಳು ಪೂರ್ತಿ ಒಳಗೆ ಬಿಟ್ಟಳು.

"ಆಯ್! ಕಚ್ತು ಮುಂಡೇದು!"

ಎಳೆದು ತೆಗೆದಳು. ಬೆರಳಲ್ಲಿ ರಕ್ತ. ನಳ್ಳಿ ಅಂಥ ದೊಡ್ಡದಲ್ಲ, ಸಾರಿಗೆ ಸಾಲುವಷ್ಟಿತ್ತು. ಅಂಗಾತ ತಿರುಗಿಸಿ ಮಡಿಕೆ ಎತ್ತಿದಳು. ಮರಿ ಇತ್ತೋ ಇಲ್ಲವೋ ನನ್ನ ಕಣ್ಣಿಗೆ ಸರಿಯಾಗಿ ಕಾಣಲಿಲ್ಲ. ಅವಳು ಹೇಳಲೂ ಇಲ್ಲ. ಬಿಲದ ಬಾಯಿಗೆ ಬಿಟ್ಟಳು, ಅದು ಹಿಂದೆ ಹಿಂದಕ್ಕೆ ಒಳಗೆ ಹೋಯಿತು.

ವಾಪಸ್ ಬರುವಾಗ ಕೆರೆ ಏರಿಯ ಮೇಲೆ ಅಪ್ಪಯ್ಯಣ್ಣ ಹುಲ್ಲಿನ ಹೊರೆ ಹೊತ್ತು ಎದುರಾದ. ಖಾಲಿ ಬಿಂದಿಗೆ ನೋಡಿದ.

"ಏನಮ್ಮಿ, ನಳ್ಳಿ ಸಿಗ್ಲಿಲ್ವಾ?"

ಮುನಿತಾಯಮ್ಮ ಬೆರಳು ಎತ್ತಿ ತೋರಿಸಿದಳು. "ಸಿಕ್ತಣ್ಣ. ಎಲ್ಲಿ ಅಂತ ಮಾತ್ರ ನಿನ್ ಹತ್ರ ಹೇಳಲ್ಲ."

ಮನೆಗೆ ಬಂದು ಸಿಂಚನಳಿಗೆ ಹುರುಳಿ ಕಟ್ಟಿನ ಸಾರು ಮಾಡಿದಳು, ಮೆಣಸು ಜಾಸ್ತಿ ಹಾಕಿ. ಮಗು ಮುಖ ಸಿಂಡರಿಸಿತು. "ಇದು ನಳ್ಳಿ ಸಾರಲ್ಲ" ಎಂದು ಅತ್ತಿತು. "ಗೊತ್ತು, ಕುಡಿ" ಎಂದು ಗದರಿ, ಬೆರಳಿಗೆ ಅರಿಶಿನ ಮೆತ್ತಿಕೊಂಡು, ಗುದ್ದಲಿ ತೆಗೆದುಕೊಂಡು ಮತ್ತೆ ಹೊರಗೆ ಹೊರಟಳು.

"ಎಲ್ಲಿಗೇ?" ಎಂದೆ.

"ಕಾಲುವೆಗೆ. ನಾನು ಮುಚ್ಚಿದ್ದನ್ನ ಬೆಳಿಗ್ಗೆ ಮತ್ತೆ ಕಿತ್ತವ್ನೆ."